ಹಳೆಯ ಪಟದ ಗಾಡಿ ಎಲ್ಲಿಂದ ಬಂತು?



ಬೆಂಗಳೂರಿನ ಹಳೆಯ ಛಾಯಾಚಿತ್ರಗಳನ್ನು ನೀವು ನೋಡಿಯೇ ಇರುತ್ತೀರಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇವು ಅಂಚೆ ಕಾರ್ಡುಗಳಾಗಿಯೂ ಮಾರಾಟವಾಗುತ್ತಿದ್ದವು. ಇಂದು ಮಹಾತ್ಮ ಗಾಂಧಿ ರಸ್ತೆಯಾಗಿರುವ ಸೌತ್ ಪೆರೇಡ್‌ನ ಪಟದಲ್ಲಿ ಸಾಲುಮರ, ಒಂದೆರಡು ಸಾರೋಟು. ಇಂದಿನ ಅವೆನ್ಯೂ ರಸ್ತೆಯಾದ ದೊಡ್ಡಪೇಟೆಯ ಪಟದಲ್ಲಿ ಅಂಗಡಿ, ಜನ, ಗಾಡಿ. ನಾವು ಕಟ್ಟಡ ಗುರುತಿಸಿ ಪುಟ ತಿರುಗಿಸುತ್ತೇವೆ. ಈ ಸಲ ಚಕ್ರಗಳನ್ನು ನೋಡಿ.

ಅಂದಿನ ಕ್ಯಾಮೆರಾ ಹೆಚ್ಚಾಗಿ ಗಾಜಿನ ಫಲಕದ್ದು, ಮುಕ್ಕಾಲಿಯ ಮೇಲೆ ನಿಲ್ಲಿಸುವಂಥದ್ದು. ಓಡುವ ಜಟಕಾದ ಚಕ್ರ ಮಸುಕಾಗಿಬಿಡಬಹುದು. ನಿಂತ ಎತ್ತಿನ ಗಾಡಿ ಮಾತ್ರ ನೊಗದಿಂದ ಅಚ್ಚಿನವರೆಗೆ ಸ್ಪಷ್ಟ. ಮದರಾಸಿನಲ್ಲಿ 1895ರಲ್ಲೇ ವಿದ್ಯುತ್ ಟ್ರಾಂ ಓಡಿತು. ಬೆಂಗಳೂರಿಗೆ 1905ರ ಆಗಸ್ಟ್ 5ರಂದು ವಿದ್ಯುತ್ ದೀಪ ಬಂತು, ಟ್ರಾಂ ಬರಲೇ ಇಲ್ಲ. ಹೊಸ ದೀಪದ ಕೆಳಗೂ ಅದೇ ಎತ್ತಿನ ಗಾಡಿ!

ಆ ಗಾಡಿ ಯಾವ ಊರಿನದೆಂದು ಪಟ ಹೇಳುವುದಿಲ್ಲ. ನಾವೇ ಲೆಕ್ಕ ಹಾಕೋಣ. ನಮ್ಮ ಚನ್ನರಾಯಪಟ್ಟಣ (ಹಾಸನದ ಕಡೆಯದಲ್ಲ, ದೇವನಹಳ್ಳಿ ತಾಲ್ಲೂಕಿನದು) ಮತ್ತು ಸುತ್ತಿನ ಹಳ್ಳಿಗಳಿಂದ ಬೆಂಗಳೂರಿನ ಪೇಟೆಗೆ ಸುಮಾರು 40 ಕಿ.ಮೀ. ಹೇರು ತುಂಬಿದ ಗಾಡಿ ಗಂಟೆಗೆ ಮೂರು–ನಾಲ್ಕು ಕಿ.ಮೀ. ಸಾಗೀತು. ಬೆಳಗಿನ ಸಂತೆ ಸಿಗಬೇಕಾದರೆ ಹಿಂದಿನ ಸಂಜೆಯೇ ಎತ್ತು ಕಟ್ಟಬೇಕು. ಆ ಇಡೀ ರಾತ್ರಿಯ ದಾರಿಗೆ ಯಾವ ಕ್ಯಾಮೆರಾ ಕಾದಿತ್ತು?

1915ರಲ್ಲಿ ಯಲಹಂಕದಿಂದ ದೇವನಹಳ್ಳಿಯ ಮೂಲಕ ಚಿಕ್ಕಬಳ್ಳಾಪುರಕ್ಕೆ ಪುಟ್ಟ ರೈಲು ಬಂತು. ಹಳಿಗಳ ನಡುವೆ ಎರಡೂವರೆ ಅಡಿ ಅಂತರ, ಅಷ್ಟೆ. ದೊಡ್ಡಜಾಲ, ಆವತಿಹಳ್ಳಿ, ನಂದಿಗಳ ಸಣ್ಣ ನಿಲ್ದಾಣಗಳು ಆ ಕಾಲದವು. ರೈಲು ಬಂದರೂ ಹೊಲದಿಂದ ನಿಲ್ದಾಣದವರೆಗೆ ಗಾಡಿಯೇ ಬೇಕಿತ್ತು.

2008ರಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ತೆರೆಯಿತು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಮಿ ಕೈಗಾರಿಕೆಗೆ ಹೋಗುವುದಿತ್ತು. ರೈತರ ದೀರ್ಘ ಹೋರಾಟದ ನಂತರ, 2025ರ ಜುಲೈನಲ್ಲಿ, ಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿ ಪ್ರಕಟಿಸಿದರು. ನಗರಕ್ಕೆ ಉಣಿಸಿದ ಈ ನೆಲದ ಬೀದಿ, ಗಾಡಿ, ಕಣಗಳ ಹಳೆಯ ಪಟಗಳು ಯಾವ ಅಂಚೆ ಕಾರ್ಡಿನಲ್ಲೂ ಸಿಗಲಾರವು. ಸಿಕ್ಕರೆ ನಿಮ್ಮ ಮನೆಯ ಟ್ರಂಕಿನಲ್ಲೇ ಸಿಗಬೇಕು.

ಸಿಕ್ಕಿದರೆ ಹಿರಿಯರನ್ನು ಕೂರಿಸಿಕೊಂಡು ಊರು, ವರ್ಷ, ಗಾಡಿ ಯಾರದೆಂದು ಕೇಳಿ ಪಟದ ಹಿಂಬದಿಯಲ್ಲಿ ಬರೆದಿಡಿ. ಪೆನ್ಸಿಲ್ಲಿನಲ್ಲೇ ಬರೆಯಿರಿ, ಶಾಯಿ ಮುಂಬದಿಗೆ ಇಳಿಯುತ್ತದೆ.