ಕೊಲಾಬಾದ ಸೂಜಿ

ಸೌರಮಾರುತ ಅಂದರೆ ಧ್ರುವದ ಆಕಾಶದ ಬಣ್ಣ, ಬೀದರ, ಭಾಲ್ಕಿ, ಔರಾದಿಗೆ ಅದರ ಗೊಡವೆ ಇಲ್ಲ ಅಂತ ತಿಳೀಬ್ಯಾಡ್ರಿ.

1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಕಲೆಗಳ ಚಿತ್ರ ಬರೆಯುತ್ತಿದ್ದಾಗ ಬಿಳಿ ಬೆಳಕೊಂದು ಹೊತ್ತಿ ಆರಿತು. ಸುಮಾರು 17 ತಾಸಿನಲ್ಲಿ ಸೂರ್ಯ ಉಗುಳಿದ ಕಣಗಳ ಮೋಡ ಭೂಮಿಯ ಕಾಂತಕವಚಕ್ಕೆ ಬಡಿಯಿತು. ಮುಂಬೈಯ ಕೊಲಾಬಾ ವೀಕ್ಷಣಾಲಯದಲ್ಲಿ ಕಾಂತಬಲ ಸುಮಾರು 1,600 ನ್ಯಾನೋಟೆಸ್ಲಾ ಕುಸಿಯಿತು. ಕಣ್ಣಿಟ್ಟು ನೋಡಿ, ಕೈಯಿಂದ ಬರೆದಿಟ್ಟವರು ಅಲ್ಲಿನ ನೌಕರರು. ಬಿರುಗಾಳಿಗೆ ಉಳಿದದ್ದು ಮಾತ್ರ ಕ್ಯಾರಿಂಗ್ಟನ್ ಹೆಸರು! 2003ರಲ್ಲಿ ವಿಜ್ಞಾನಿಗಳು ಅದರ ಜೋರು ಎಷ್ಟಿತ್ತೆಂದು ಲೆಕ್ಕ ಹಾಕಿದ್ದು ಆ ನೌಕರರು ಬರೆದ ಅಂಕಿಗಳಿಂದಲೇ.

ಇಂಥ ಹೊತ್ತಿನಲ್ಲಿ ಭೂಮಿಯ ನಡುವಿನ ಸುತ್ತ, ಸಾವಿರಾರು ಕಿಲೋಮೀಟರ್ ಎತ್ತರದಲ್ಲಿ, ಉಂಗುರದಂತೆ ವಿದ್ಯುತ್ ಹರಿದು ನೆಲದ ಕಾಂತಬಲವನ್ನು ತಗ್ಗಿಸುತ್ತದೆ. (ಅಷ್ಟು ಆಳದ ಕುಸಿತಕ್ಕೆ ಅದೊಂದೇ ಕಾರಣವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.) ಅದನ್ನು ಅಳೆಯಲು ಧ್ರುವಕ್ಕಿಂತ ನಮ್ಮ ಕಡೆಯ ಅಕ್ಷಾಂಶವೇ ಲೇಸು. ಮುಂಬೈ 19 ಡಿಗ್ರಿಯ ಹತ್ತಿರ, ಔರಾದ್ 18ರ ತುಸು ಮೇಲೆ, ಬೀದರ 18ಕ್ಕೆ ತುಸು ಕೆಳಗೆ. ನಿಜಾಮನ ಬೀದರದಲ್ಲಿ ಅಂಥ ವೀಕ್ಷಣಾಲಯ ಇರಲಿಲ್ಲ, ಅಷ್ಟೇ.

ಮುಂದೆ ಮುಂಬೈಗೆ ವಿದ್ಯುತ್ ಟ್ರಾಂ ಬರುವುದಿತ್ತು, ಸೂಜಿ ಕೆಡಬಾರದೆಂದು ಅಳತೆಯನ್ನು ಅಲಿಬಾಗಿಗೆ ಒಯ್ದರು. 1904ರಿಂದ ಅಲ್ಲಿ ಲೆಕ್ಕ ನಡದೇ ಅದ.