ನೀರಿನ ಮೇಲೆ ಜಾರುವ ಹಲಗೆ ಮತ್ತು ಕಲನಶಾಸ್ತ್ರ

ಅತ್ತಿಬೆಲೆಗೆ ಕಡಲಿಲ್ಲ. ಕಡಲತೀರದ ತೆಳುನೀರಿನ ಮೇಲೆ ಹಲಗೆಯೊಂದನ್ನು ಎಸೆದು, ಓಡಿಬಂದು ಅದರ ಮೇಲೇರಿ ಜಾರುವ ‘ಸ್ಕಿಮ್‌ಬೋರ್ಡಿಂಗ್’ ಆಟ ಇಲ್ಲಿಯವರಿಗೆ ದೂರದ ಮಾತು. ಆದರೆ ಆ ಆಟದ ಹಿಂದಿರುವ ಭೌತಶಾಸ್ತ್ರ ಮಳೆಗಾಲದಲ್ಲಿ ಈ ಊರಿನ ಹೆದ್ದಾರಿಯ ಮೇಲೂ ಕೆಲಸ ಮಾಡುತ್ತದೆ.

ಜಾರುವ ಹಲಗೆಯ ವೇಗ ಕ್ಷಣಕ್ಷಣಕ್ಕೂ ತಗ್ಗುತ್ತದೆ. ಹಾಗಾದರೆ ‘ಈ ಕ್ಷಣದ ವೇಗ’ ಎಂದರೇನು? ಈ ಪ್ರಶ್ನೆ ನಮಗೆ ಹೊಸದಲ್ಲ. 1114ರಲ್ಲಿ ಜನಿಸಿದ ಭಾಸ್ಕರಾಚಾರ್ಯರ ಹುಟ್ಟೂರು ವಿಜ್ಜಡವಿಡ ಇಂದಿನ ವಿಜಯಪುರದ ಕಡೆಯದೆಂದು ಹಲವು ವಿದ್ವಾಂಸರ ಅಭಿಪ್ರಾಯ. ಶೀಘ್ರವಾಗಿ ಚಲಿಸುವ ಚಂದ್ರನಿಗೆ ಇಡೀ ದಿನದ ಸರಾಸರಿ ಗತಿ ಸಾಲದೆಂದು ಕಂಡ ಅವರು, 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ‘ತಾತ್ಕಾಲಿಕ ಗತಿ’ಯನ್ನು ಲೆಕ್ಕಹಾಕಿದರು. ಹದಿನೇಳನೆಯ ಶತಮಾನದಲ್ಲಿ ನ್ಯೂಟನ್ ಮತ್ತು ಲೈಬ್ನಿಟ್ಸ್ ಕಲನಶಾಸ್ತ್ರವನ್ನು ಎಲ್ಲ ಬಗೆಯ ಬದಲಾವಣೆಗೂ ಒದಗುವ ವಿಧಾನವಾಗಿ ಬೆಳೆಸಿದರು. 1757ರಲ್ಲಿ ಆಯ್ಲರ್ ಅದನ್ನು ದ್ರವಗಳ ಚಲನೆಗೆ ಅನ್ವಯಿಸಿದರು.

ಹಲಗೆಯ ಮುಂತುದಿ ತುಸು ಮೇಲೆದ್ದಿರುತ್ತದೆ. ಅದರಡಿ ನುಗ್ಗುವ ನೀರಿನ ಒತ್ತಡ ಮುಂಭಾಗದಲ್ಲಿ ಹೆಚ್ಚು, ಹಿಂದಕ್ಕೆ ಹೋದಂತೆ ಕಡಿಮೆ. ಹಲಗೆಯ ತಳವನ್ನು ಸಣ್ಣ ಸಣ್ಣ ಪಟ್ಟಿಗಳಾಗಿ ಭಾವಿಸಿ, ಪ್ರತಿಯೊಂದರ ಮೇಲಿನ ಬಲವನ್ನು ಕೂಡಿದರೆ ಸವಾರನನ್ನು ಎತ್ತಿಹಿಡಿಯುವ ಒಟ್ಟು ಬಲ ಸಿಗುತ್ತದೆ. ಇದೇ ಅನುಕಲನ. 1989ರಲ್ಲಿ ಟಕ್ ಮತ್ತು ಡಿಕ್ಸನ್ ಎಂಬ ಗಣಿತಜ್ಞರು ಈ ಹಲಗೆಯ ಚಲನೆಯನ್ನು ಗಣಿತದಲ್ಲಿ ವಿಶ್ಲೇಷಿಸಿ ಪ್ರಕಟಿಸಿದರು.

ಈ ಎತ್ತುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು. ಹಲಗೆಗೆ ವರವಾದ ಈ ನಿಯಮ ಟೈರಿಗೆ ಶಾಪ. ಟೈರಿನ ಗಾಡಿಗಳಿಂದ ಹೊರಹೋಗಲಾರದಷ್ಟು ನೀರು ರಸ್ತೆಯಲ್ಲಿದ್ದರೆ ಟೈರು ನೆಲ ಬಿಟ್ಟು ತೇಲುತ್ತದೆ. ಆಗ ಬ್ರೇಕೂ ಸ್ಟಿಯರಿಂಗೂ ಕೇಳುವುದಿಲ್ಲ. ಅಮೆರಿಕದ ನಾಸಾ ಸಂಸ್ಥೆ 1963ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಟೈರಿನ ಗಾಳಿಯ ಒತ್ತಡದ ವರ್ಗಮೂಲವನ್ನು ಸುಮಾರು 16.7ರಿಂದ ಗುಣಿಸಿದರೆ ಟೈರು ತೇಲತೊಡಗುವ ವೇಗ ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ತಿಳಿಯುತ್ತದೆ. ಚದರ ಅಂಗುಲಕ್ಕೆ 36 ಪೌಂಡ್ ಒತ್ತಡವಿದ್ದರೆ ಸುಮಾರು 100. ಅದು 25ಕ್ಕೆ ಇಳಿದರೆ ಸುಮಾರು 83. ಗಾಳಿ ಕಡಿಮೆಯಾದಷ್ಟೂ ಅಪಾಯ ಬೇಗ ಬರುತ್ತದೆ.

ಅತ್ತಿಬೆಲೆಯ ಮೂಲಕ ಹೊಸೂರಿನತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಹಗಲಿರುಳೂ ವಾಹನಗಳು ಓಡುತ್ತವೆ. ವಿದ್ಯಾರ್ಥಿಗಳೇ, ನಿಮಗೆ ಗೊತ್ತಿರುವ ಕಾರೊಂದರ ಟೈರಿನ ಒತ್ತಡ ಕೇಳಿ ತಿಳಿದು, ಈ ಲೆಕ್ಕವನ್ನು ನೀವೇ ಮಾಡಿ ಚಾಲಕರಿಗೆ ಹೇಳಿರಿ. ನೀರು ನಿಂತ ರಸ್ತೆಯಲ್ಲಿ ಆ ಸಂಖ್ಯೆಗಿಂತ ಬಹಳ ಕೆಳಗಿನ ವೇಗದಲ್ಲಿ ಹೋಗುವುದೇ ಕ್ಷೇಮ.