ಬಳ್ಳಾರಿ ಮಾದರಿ: ಕಾಲೇಜಿಗೆ ತಡವಾಗಿ ಬಂದ ಪಾಠ

ಬಳ್ಳಾರಿ ಎಂದೊಡನೆ ಬಿಸಿಲು, ಗಣಿಧೂಳು, ಕೋಟೆ ಗುಡ್ಡ ನೆನಪಾಗುತ್ತವೆ. ಆದರೆ ದೇಶದ ಮನೋವೈದ್ಯರಿಗೆ ಈ ಹೆಸರು ಬೇರೊಂದು ಕಾರಣಕ್ಕೆ ಪರಿಚಿತ. ಇಲ್ಲಿ 1985ರಿಂದ 1990ರವರೆಗೆ ನಡೆದ ಪ್ರಯೋಗವನ್ನು ಅವರು ‘ಬಳ್ಳಾರಿ ಮಾದರಿ’ ಎನ್ನುತ್ತಾರೆ. ಊರಿನವರಿಗೇ ಈ ಸಂಗತಿ ಅಷ್ಟಾಗಿ ತಿಳಿಯದು.

ಅದಕ್ಕೆ ಮುನ್ನ ಸಿರುಗುಪ್ಪದ ಗದ್ದೆಬಯಲಿನಲ್ಲೋ ಕುರುಗೋಡಿನ ಗುಡ್ಡಗಳ ಮಗ್ಗುಲಲ್ಲೋ ಯಾರಿಗಾದರೂ ಮನಸ್ಸು ಕೆಟ್ಟರೆ ಮನೆಯವರಿಗಿದ್ದ ದಾರಿ ಕೆಲವೇ: ಹರಕೆ, ತಾಯಿತ, ಇಲ್ಲವೇ ಸುಮಾರು ಮುನ್ನೂರು ಕಿಲೋಮೀಟರ್ ದೂರದ ಬೆಂಗಳೂರು. ಅಲ್ಲಿನ ನಿಮ್ಹಾನ್ಸ್ ಸಂಸ್ಥೆ ಎಪ್ಪತ್ತರ ದಶಕದಲ್ಲೇ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆದು, ಹಳ್ಳಿಯಲ್ಲಿಯೇ ಚಿಕಿತ್ಸೆ ಸಾಧ್ಯವೆಂದು ತೋರಿಸಿತ್ತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವೂ ಬಂತು. ಆದರೆ ಕೆಲವು ಹಳ್ಳಿಗಳಲ್ಲಿ ಆದದ್ದು ಇಡೀ ಜಿಲ್ಲೆಯಲ್ಲಿ ಆದೀತೇ? ಇದನ್ನು ಒರೆಗೆ ಹಚ್ಚಲು ಆಯ್ದದ್ದು ಬಳ್ಳಾರಿಯನ್ನು. ಆಗ ಹೊಸಪೇಟೆ, ಹಡಗಲಿ, ಹರಪನಹಳ್ಳಿ ಎಲ್ಲವೂ ಇದೇ ಜಿಲ್ಲೆಯಲ್ಲಿದ್ದವು. ಜನಸಂಖ್ಯೆ ಹದಿನೈದು ಲಕ್ಷದ ಆಸುಪಾಸು.

ಉಪಾಯ ಸರಳವಾಗಿತ್ತು. ಊರೂರಿಗೆ ಮನೋವೈದ್ಯರನ್ನು ಒದಗಿಸುವುದು ಆಗದ ಮಾತು. ಆದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ನೀಡಲಾಯಿತು. ಅವಶ್ಯ ಔಷಧಿಗಳನ್ನು ಕೇಂದ್ರಗಳಲ್ಲೇ ಇರಿಸಲಾಯಿತು. ರೋಗಿಗಳ ದಾಖಲೆ ಇಟ್ಟು, ತಿಂಗಳ ಸಭೆಯಲ್ಲಿ ಪ್ರಗತಿಯನ್ನು ಪರಿಶೀಲಿಸಲಾಯಿತು. ಗುಣವಾಗುವ ಕಾಯಿಲೆಯಲ್ಲಿ ಅರ್ಧ ಕಷ್ಟ ನಾಚಿಕೆಯದೇ. ಜ್ವರಕ್ಕೆ ಬಂದವರ ಸಾಲಿನಲ್ಲೇ ಕುಳಿತು ಮಾತ್ರೆ ಪಡೆದವನತ್ತ ಯಾರೂ ಬೆರಳು ತೋರಿಸುವುದಿಲ್ಲ. 1996ರಲ್ಲಿ ಈ ಮಾದರಿಯನ್ನೇ ಆಧರಿಸಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಮೊದಲು ನಾಲ್ಕು ಜಿಲ್ಲೆಗಳಲ್ಲಿ ಆರಂಭಿಸಿತು. ಅನಂತರ ಅದು ದೇಶದುದ್ದಕ್ಕೂ ಹಬ್ಬಿತು.

ಆದರೆ ಪ್ರಯೋಗದ ಕಣ್ಣಿದ್ದುದು ತೀವ್ರ ಮನೋರೋಗ ಮತ್ತು ಮೂರ್ಛೆರೋಗದ ಮೇಲೆ. ಬಳ್ಳಾರಿಯಲ್ಲಿ 1961ರಿಂದಲೇ ವೈದ್ಯಕೀಯ ಕಾಲೇಜಿತ್ತು; ಆದರೂ ವಿದ್ಯಾರ್ಥಿಯ ದುಗುಡ ಯಾರ ಲೆಕ್ಕಕ್ಕೂ ಬರಲಿಲ್ಲ. ಅದು ಕಾಣುವಂಥದ್ದೂ ಅಲ್ಲ. 2010ರಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಸಿರುಗುಪ್ಪ, ಕುರುಗೋಡುಗಳ ಮಕ್ಕಳಿಗೆ ಸ್ನಾತಕೋತ್ತರ ಪದವಿ ಹತ್ತಿರವಾಯಿತು. ಮನೆತನದಲ್ಲೇ ಮೊದಲು ಪದವಿ ಕಂಡವನಿಗೆ ಇಂಗ್ಲಿಷ್ ಪಾಠ ಹತ್ತದಿದ್ದರೆ, ಅಪ್ಪ ಮಾಡಿದ ಸಾಲ ನೆನಪಾದರೆ, ನಿದ್ದೆ ಬಾರದು. ಅದನ್ನು ಊರಿಗೆ ಹೋದಾಗ ಹೇಳಲೂ ಆಗದು. ‘ಓದೋಕೆ ಕಳಿಸಿದ್ರೆ ಇವನಿಗೇನು ಬಂತು’ ಎಂದಾರೆಂಬ ಅಳುಕು.

ಹನ್ನೊಂದನೆಯ ಪಂಚವಾರ್ಷಿಕ ಯೋಜನೆಯಲ್ಲಿ (2007-12) ಜಿಲ್ಲಾ ಕಾರ್ಯಕ್ರಮಕ್ಕೆ ಕಾಲೇಜುಗಳ ಆಪ್ತಸಮಾಲೋಚನೆಯನ್ನೂ ಸೇರಿಸಲಾಯಿತು. 2022ರ ಅಕ್ಟೋಬರ್ 10ರಂದು 14416 ಸಂಖ್ಯೆಯ ‘ಟೆಲಿ ಮಾನಸ್’ ಸಹಾಯವಾಣಿ ಬಂತು. ಹೆಸರು ಹೇಳದೆ ಕನ್ನಡದಲ್ಲೇ ಮಾತಾಡಬಹುದಾದ ಇದು ಹಾಸ್ಟೆಲಿನ ಹುಡುಗ ಹುಡುಗಿಯರಿಗೆ ನಿಜಕ್ಕೂ ಅನುಕೂಲ. ‘ಸಮಾಲೋಚಕರು’ ಎಂದು ಫಲಕ ಹಾಕಿದ ಕೋಣೆಯೊಳಕ್ಕೆ ಸಹಪಾಠಿಗಳೆದುರೇ ಹೋಗಲು ಎಷ್ಟು ಮಂದಿಗೆ ಧೈರ್ಯವಿದ್ದೀತು?

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ತರಬೇತಾದ ಸಮಾಲೋಚಕರಿರಬೇಕೆಂದು ನಿರ್ದೇಶಿಸಿತು. ಪತ್ರಿಕೆಗಳ ತಲೆಬರಹವಾದದ್ದು ಅಷ್ಟೇ. ಅದೇ ಆದೇಶದಲ್ಲಿ ಬೋಧಕ, ಬೋಧಕೇತರ ಸಿಬ್ಬಂದಿಗೆಲ್ಲ ವರ್ಷಕ್ಕೆ ಕನಿಷ್ಠ ಎರಡು ಬಾರಿ ತರಬೇತಿ ನೀಡಬೇಕೆಂಬ ಮಾತೂ ಇದೆ. ಎಂದರೆ ಹಾಸ್ಟೆಲಿನ ವಾರ್ಡನ್, ಪ್ರಯೋಗಾಲಯದ ಸಹಾಯಕ, ಗುಮಾಸ್ತ ಎಲ್ಲರೂ. ಬಳ್ಳಾರಿಯ ಆರೋಗ್ಯ ಕಾರ್ಯಕರ್ತರು ನಲವತ್ತು ವರ್ಷಗಳ ಹಿಂದೆ ಕುಳಿತದ್ದು ಇಂಥದೇ ತರಗತಿಯಲ್ಲಿ.